ಸಚಿವರ ವಿದೇಶ ಪ್ರವಾಸದ ವೇಳಾಪಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿರಿಯ ಸಚಿವರೊಬ್ಬರ ವಿದೇಶ ಪ್ರವಾಸದಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ವಿಮಾನದ ಮೆಟ್ಟಿಲು, ಹಸ್ತಲಾಘವ ಮತ್ತು ಜಂಟಿ ಹೇಳಿಕೆ ಮಾತ್ರ. ಅದರ ಹಿಂದೆ ವಾರಗಟ್ಟಲೆ ನಡೆಯುವ ಸಿದ್ಧತೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಪ್ರಶ್ನೆ ಈ ಕೆಲಸವನ್ನೇ ಕೈಗೆತ್ತಿಕೊಂಡಿರುವವರದ್ದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಸೇವೆಗೆ ಹೊಸಬ. ಹಿರಿಯ ಸಚಿವರೊಬ್ಬರ ಕಚೇರಿಗೆ ನಿಯೋಜನೆಗೊಂಡಿದ್ದು, ಒಂದು ವಾರದಲ್ಲಿ ನಾಲ್ಕು ದೇಶಗಳ ಪ್ರವಾಸಕ್ಕೆ ಕರಡು ವೇಳಾಪಟ್ಟಿ ಸಿದ್ಧಪಡಿಸುವಂತೆ ನನಗೆ ಹೇಳಿದ್ದಾರೆ. ವಿಮಾನಗಳ ವೇಳೆಯನ್ನೆಲ್ಲ ಕಲೆಹಾಕಿದ್ದೇನೆ. ಮುಂದೆ ಹೇಗೆ ಸಾಗಬೇಕು?

ಉತ್ತರ: ವಿಮಾನಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಚಿವರು ಹಿಂದಿರುಗಿ ಬರುವ ಹೊತ್ತಿಗೆ ಯಾವ ಒಂದು ಕೆಲಸ ಆಗಿರಲೇಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಂಡು, ಅದನ್ನು ಒಂದೇ ವಾಕ್ಯದಲ್ಲಿ ಬರೆದು ಕರಡಿನ ಮೇಲ್ಭಾಗದಲ್ಲಿ ಇಟ್ಟುಕೊಳ್ಳಿ. ಆ ವಾಕ್ಯವನ್ನು ಬರೆಯಲು ಆಗುತ್ತಿಲ್ಲವೆಂದರೆ ಪ್ರವಾಸಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲವೆಂದು ತಿಳಿಯಬೇಕು, ಮತ್ತು ಹಾಗೆಂದು ಮೇಲಧಿಕಾರಿಗಳಿಗೆ ವಿನಯದಿಂದ ಹೇಳುವುದೂ ನಿಮ್ಮ ಕರ್ತವ್ಯದ ಒಂದು ಭಾಗವೇ. ಮುಂದೆ ಏನೇ ಸೇರಿಸುವಾಗಲೂ, ಏನೇ ಕೈಬಿಡುವಾಗಲೂ ಆ ವಾಕ್ಯವನ್ನೇ ಆಧಾರವಾಗಿ ಹಿಡಿಯಬೇಕು. ಏಕೆಂದರೆ ನಾಲ್ಕು ದೇಶಗಳಲ್ಲಿರುವ ನಿಮ್ಮ ನಾಲ್ಕೂ ರಾಯಭಾರ ಕಚೇರಿಗಳು ತಮ್ಮ ತಮ್ಮ ಪಟ್ಟಿಗಳನ್ನು ಕಳುಹಿಸುತ್ತವೆ: ವಾಣಿಜ್ಯ ಮಂಡಳಿಯವರೊಡನೆ ಭೋಜನ, ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ, ಸ್ಮಾರಕಕ್ಕೆ ಪುಷ್ಪಗುಚ್ಛ, ಅಲ್ಲಿ ನೆಲೆಸಿರುವ ನಿಮ್ಮ ದೇಶದವರ ಸಭೆ. ಇವುಗಳಲ್ಲಿ ಯಾವುದೂ ಅನಗತ್ಯವೆಂದು ತೋರುವುದಿಲ್ಲ, ಆದರೆ ಎಲ್ಲವನ್ನೂ ಒಪ್ಪಿಕೊಂಡರೆ ಮುಖ್ಯ ಮಾತುಕತೆಗೆ ಸಚಿವರು ದಣಿದ ಮೈಯಲ್ಲಿ, ಕಡತ ಓದದೆಯೇ ಹೋಗಿ ಕೂರುವ ಪರಿಸ್ಥಿತಿ ಬರುತ್ತದೆ.

ಎರಡನೆಯ ಹೆಜ್ಜೆ, ಯಾರೂ ಅಲುಗಾಡಿಸಲಾಗದ ದಿನಾಂಕಗಳನ್ನು ಗುರುತಿಸುವುದು. ಸೆಪ್ಟೆಂಬರ್ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯುವ ವಿಶ್ವಸಂಸ್ಥೆಯ ಮಹಾಸಭೆಯ ಉನ್ನತಮಟ್ಟದ ವಾರ, ಜಿ20 ಸಭೆಗಳು, ಫೆಬ್ರುವರಿಯ ಮ್ಯೂನಿಕ್ ಭದ್ರತಾ ಸಮ್ಮೇಳನ ಮೊದಲಾದವು ನಿಮಗಾಗಿ ಬದಲಾಗುವುದಿಲ್ಲ. ಸ್ವದೇಶದ ಸಂಸತ್ ಅಧಿವೇಶನ ಮತ್ತು ಬಜೆಟ್ ಚರ್ಚೆಗಳನ್ನೂ ಇದೇ ಸಾಲಿಗೆ ಸೇರಿಸಬೇಕು. 2023ರ ಮಾರ್ಚ್ ಮೊದಲ ವಾರದಲ್ಲಿ ನವದೆಹಲಿಯಲ್ಲಿ ಜಿ20 ವಿದೇಶಾಂಗ ಸಚಿವರ ಸಭೆ ನಡೆದಾಗ ಜಪಾನಿನ ಅಂದಿನ ವಿದೇಶಾಂಗ ಸಚಿವ ಯೋಶಿಮಾಸ ಹಯಾಶಿ ಸಂಸತ್ತಿನ ಬಜೆಟ್ ಕಲಾಪದ ಕಾರಣಕ್ಕೆ ಬರಲಾಗದೆ ತಮ್ಮ ಸಹಾಯಕ ಸಚಿವರನ್ನು ಕಳುಹಿಸಿದರು. ಮರುದಿನ ಅದೇ ನಗರದಲ್ಲಿ ನಡೆದ ಕ್ವಾಡ್ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕೂಟ) ಸಭೆಗೆ ಮಾತ್ರ ಬಂದು ಸೇರಿದರು. ಆ ಗೈರುಹಾಜರಿಯನ್ನು ಅವರದೇ ದೇಶದಲ್ಲಿ ಅನೇಕರು ಕಟುವಾಗಿ ಟೀಕಿಸಿದರು. ಸಂಸತ್ತಿಗೆ ಉತ್ತರದಾಯಿಯಾಗಿರುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಇಂಥ ಘರ್ಷಣೆ ತಿಂಗಳುಗಳ ಮೊದಲೇ ಪಂಚಾಂಗದಲ್ಲಿ ಕಾಣುವಂಥದ್ದು, ಮತ್ತು ಅದನ್ನು ಕಾಣಬೇಕಾದವರು ವೇಳಾಪಟ್ಟಿ ಬರೆಯುವವರೇ.

ಅತಿಥೇಯ ದೇಶದ ಪಂಚಾಂಗವನ್ನೂ ಅಷ್ಟೇ ಜಾಗರೂಕತೆಯಿಂದ ನೋಡಬೇಕು. ಪಶ್ಚಿಮ ಏಷ್ಯಾದ ಹಲವು ದೇಶಗಳಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಆದರೆ ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿಯಿಂದ ಶನಿವಾರ ಮತ್ತು ಭಾನುವಾರಕ್ಕೆ ಬದಲಾಯಿಸಿಕೊಂಡು, ಶುಕ್ರವಾರ ಅರ್ಧ ದಿನ ಕೆಲಸ ಮಾಡುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ರಾಜಧಾನಿಗಳಿಗೆ ಒಂದೇ ನಿಯಮ ಹೊಂದುವುದಿಲ್ಲ. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಕಳೆದ ವರ್ಷದ ಕಡತವನ್ನು ನಕಲು ಮಾಡಿ ಕೆಲಸ ಮುಗಿಸುವಂತಿಲ್ಲ. ಗಡಿಯಾರದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಮೆರಿಕ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರೆ, ಯುರೋಪು ಅದೇ ತಿಂಗಳ ಕೊನೆಯ ಭಾನುವಾರ ತಿರುಗಿಸುತ್ತದೆ. ಆ ನಡುವಿನ ಎರಡು ಮೂರು ವಾರ ಇವೆರಡರ ಅಂತರ ಒಂದು ಗಂಟೆ ಕಡಿಮೆಯಾಗಿರುತ್ತದೆ. ನೇಪಾಳದ ವೇಳೆ ಭಾರತಕ್ಕಿಂತ 15 ನಿಮಿಷ ಮುಂದಿದೆ. ಪೆಸಿಫಿಕ್ ಸಾಗರವನ್ನು ದಾಟುವಾಗ ದಿನಾಂಕವೇ ಬದಲಾಗುತ್ತದೆ. ಆದ್ದರಿಂದ ಕರಡಿನಲ್ಲಿ ಮೊದಲಿನಿಂದಲೂ ಎರಡು ಕಂಬಸಾಲುಗಳಿರಲಿ: ಒಂದರಲ್ಲಿ ಸ್ಥಳೀಯ ವೇಳೆ, ಇನ್ನೊಂದರಲ್ಲಿ ಸ್ವದೇಶದ ರಾಜಧಾನಿಯ ವೇಳೆ, ಎರಡರಲ್ಲೂ ವಾರದ ಹೆಸರು ಸಹಿತ ದಿನಾಂಕ.

ಇಷ್ಟಾದ ಮೇಲೆ ನಿಮಿಷಗಳ ಲೆಕ್ಕಕ್ಕೆ ಇಳಿಯಬಹುದು. ವಿಮಾನ ಬೆಳಗ್ಗೆ 8 ಗಂಟೆಗೆ ಇಳಿಯುತ್ತದೆ, ಆದ್ದರಿಂದ 9 ಗಂಟೆಗೆ ಮಾತುಕತೆ ಇಡಬಹುದು ಎಂದು ಹೊಸಬರು ಬರೆಯುವುದುಂಟು. ಒಂದೊಂದಾಗಿ ನೋಡಿ. ನೆಲ ಮುಟ್ಟಿದ ವಿಮಾನ ನಿಲುಗಡೆಯ ಜಾಗಕ್ಕೆ ಬಂದು ಬಾಗಿಲು ತೆರೆಯಲು 10 ರಿಂದ 15 ನಿಮಿಷ ಬೇಕು. ಕೆಳಗೆ ನಿಂತಿರುವ ಶಿಷ್ಟಾಚಾರ ವಿಭಾಗದ ಮುಖ್ಯಸ್ಥರ ಹಾಗೂ ರಾಯಭಾರಿಯ ಸ್ವಾಗತ, ಛಾಯಾಚಿತ್ರ, ಅತಿಥಿ ಕೊಠಡಿಯಲ್ಲಿ ಎರಡು ಮಾತು, ಇವಕ್ಕೆ ಇನ್ನೊಂದು 15 ನಿಮಿಷ. ಅಷ್ಟರಲ್ಲಿ ಪಾಸ್‌ಪೋರ್ಟ್‌ಗಳಿಗೆ ಮುದ್ರೆ ಬೀಳಬೇಕು, ಸಾಮಾನು ಇಳಿಯಬೇಕು, ನಿಯೋಗದ ಕೊನೆಯ ಸದಸ್ಯರೂ ವಾಹನ ಏರಿರಬೇಕು. ಬೆಂಗಾವಲಿದ್ದರೂ ನಗರಕ್ಕೆ 30 ನಿಮಿಷವಾದರೂ ಹಿಡಿಯುತ್ತದೆ. ಇನ್ನು, ಇಡೀ ರಾತ್ರಿ ಪ್ರಯಾಣ ಮಾಡಿ ಬಂದ ಮನುಷ್ಯ ಮುಖ ತೊಳೆದು, ಬಟ್ಟೆ ಬದಲಿಸಿ, ರಾತ್ರಿ ಬಂದ ಸಂದೇಶಗಳನ್ನು ಓದಿ, ರಾಯಭಾರಿಯಿಂದ ಇತ್ತೀಚಿನ ಸ್ಥಿತಿಗತಿ ಕೇಳಿಕೊಳ್ಳಲು ಒಂದು ಗಂಟೆಯಾದರೂ ಬೇಡವೇ? ನ್ಯಾಯವಾಗಿ ಲೆಕ್ಕ ಹಾಕಿದರೆ ಮಾತುಕತೆ 10 ಗಂಟೆಗೆ ಮುಂಚೆ ಆರಂಭವಾಗಲಾರದು. ಪೂರ್ವದಿಕ್ಕಿಗೆ ಹಲವು ಕಾಲವಲಯಗಳನ್ನು ದಾಟಿ ಹೋಗಿದ್ದರೆ ದೇಹ ಹೊಂದಿಕೊಳ್ಳುವುದು ಇನ್ನೂ ನಿಧಾನ. ಅಂಥ ಸಂದರ್ಭದಲ್ಲಿ ಮುಖ್ಯ ಮಾತುಕತೆಯನ್ನು ಮರುದಿನಕ್ಕೆ ಇಡುವುದೇ ಲೇಸು.

ಕರಡಿನಲ್ಲಿ ಪ್ರತಿ ಅರ್ಧ ದಿನಕ್ಕೆ ಒಂದಾದರೂ ಖಾಲಿ ಅವಧಿ ಇಟ್ಟುಕೊಳ್ಳಿ. ಅದನ್ನು ‘ಖಾಲಿ’ ಎಂದು ಬರೆದರೆ ಯಾರಾದರೂ ತುಂಬಿಸಿಬಿಡುತ್ತಾರೆ, ‘ಆಂತರಿಕ ಸಮಾಲೋಚನೆ’ ಎಂದು ಬರೆಯಿರಿ. ಅದು ಸುಳ್ಳೂ ಆಗುವುದಿಲ್ಲ, ಏಕೆಂದರೆ ಹಿಂದಿನ ಸಭೆಯಲ್ಲಿ ಏನಾಯಿತೆಂದು ನಿಯೋಗದವರು ಪರಸ್ಪರ ಮಾತಾಡಿಕೊಳ್ಳದೆ ಮುಂದಿನ ಸಭೆಗೆ ಹೋಗಲೇಬಾರದು. ನಾಲ್ಕು ದೇಶಗಳಿಗೆ ಏಳು ದಿನ ಸಾಲದು ಎಂದು ಈ ಲೆಕ್ಕದ ಕೊನೆಯಲ್ಲಿ ನಿಮಗೆ ಅನ್ನಿಸಿದರೆ ಹಿಂಜರಿಯದೆ ಎರಡು ಕರಡುಗಳನ್ನು ಮಂಡಿಸಿ: ಒಂದು ನಾಲ್ಕು ದೇಶಗಳದ್ದು, ಇನ್ನೊಂದು ಮೂರರದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದಾಗ ಹೆಚ್ಚಿನ ಸಚಿವರು ಸರಿಯಾದದ್ದನ್ನೇ ಆರಿಸುತ್ತಾರೆಂಬುದು ನನ್ನ ನಂಬಿಕೆ.

ಪ್ರಶ್ನೆ: ವಿಡಿಯೊ ಕರೆಯಲ್ಲೇ ಎಲ್ಲವನ್ನೂ ಮಾತಾಡಬಹುದಾದ ಈ ಕಾಲದಲ್ಲಿ ಸಾರ್ವಜನಿಕ ಹಣದಿಂದ ಇಂಥ ಪ್ರವಾಸಗಳು ಬೇಕೇ?

ಉತ್ತರ: ಎಲ್ಲ ಪ್ರವಾಸಗಳೂ ಬೇಕಿಲ್ಲ. ಬೇಕಾದವುಗಳಿಗೆ ಎರಡು ಕಾರಣಗಳಿವೆ. ಇಬ್ಬರೇ ಕುಳಿತು, ದಾಖಲೆಯಾಗದಂತೆ ಆಡುವ ಮಾತಿಗೆ ಪರದೆ ಒದಗಿಬರುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದನ್ನು ಹೊರಗಿನವರು ಗಮನಿಸುವುದು ಕಡಿಮೆ: ಸಚಿವರ ಭೇಟಿಗೆ ದಿನಾಂಕ ಗೊತ್ತಾದ ಕೂಡಲೇ ಎರಡೂ ಸರ್ಕಾರಗಳಲ್ಲಿ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ ಒಪ್ಪಂದದ ಕರಡುಗಳಿಗೆ ಗಡುವು ಸಿಕ್ಕಿ, ಅವು ಸಹಿಯ ಹಂತಕ್ಕೆ ಬರುತ್ತವೆ. ಎಷ್ಟೋ ಭೇಟಿಗಳ ಫಲ, ಸಚಿವರು ವಿಮಾನ ಹತ್ತುವ ಮೊದಲೇ ಅರ್ಧ ಕೈಗೆ ಬಂದಿರುತ್ತದೆ.

ಪ್ರಶ್ನೆ: ಯಾವ ದೇಶಕ್ಕೆ ಮೊದಲು ಹೋಗುವುದು, ಯಾವುದಕ್ಕೆ ಆಮೇಲೆ ಎಂಬುದನ್ನು ಪತ್ರಿಕೆಗಳು ಅಷ್ಟೊಂದು ಚರ್ಚಿಸುತ್ತವೆ. ದಾರಿಯಲ್ಲಿ ಯಾವುದು ಹತ್ತಿರವೋ ಅದಕ್ಕೆ ಮೊದಲು ಹೋದರೆ ಸಾಲದೇ?

ಉತ್ತರ: ಸಾಲದು. ರಾಜತಾಂತ್ರಿಕತೆಯಲ್ಲಿ ಸರದಿಯೂ ಒಂದು ಮಾತೇ. ಚೀನಾದ ವಿದೇಶಾಂಗ ಸಚಿವರು 1991ರಿಂದ ಪ್ರತಿ ವರ್ಷದ ಮೊದಲ ವಿದೇಶ ಪ್ರವಾಸವನ್ನು ಆಫ್ರಿಕಾ ಖಂಡಕ್ಕೇ ಕೈಗೊಳ್ಳುತ್ತ ಬಂದಿದ್ದಾರೆ. ಆ ಭೇಟಿಗಳಲ್ಲಿ ಆಗುವ ಒಪ್ಪಂದಗಳು ಒಂದೊಂದು ವರ್ಷ ದೊಡ್ಡವು, ಒಂದೊಂದು ವರ್ಷ ಸಣ್ಣವು. ಆದರೆ ಜನವರಿಯಲ್ಲಿ ಮೊದಲು ನಿಮ್ಮಲ್ಲಿಗೇ ಬರುತ್ತೇವೆ ಎಂಬ ಸಂದೇಶವನ್ನು ಮೂರು ದಶಕಕ್ಕೂ ಮೀರಿ ತಪ್ಪದೆ ಪಾಲಿಸಿರುವುದರಿಂದ ಅದಕ್ಕೆ ದೊರೆತಿರುವ ತೂಕ ಬೇರೆ ಯಾವ ಭಾಷಣಕ್ಕೂ ದೊರೆಯಲಾರದು.

ಪರಸ್ಪರ ವೈಮನಸ್ಯವಿರುವ ಎರಡು ದೇಶಗಳಿಗೆ ಒಂದೇ ಪ್ರವಾಸದಲ್ಲಿ ಹೋಗಬೇಕೇ, ಬೇರೆ ಬೇರೆಯಾಗಿ ಹೋಗಬೇಕೇ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಭಾರತದ ಪ್ರಧಾನಿ 2017ರ ಜುಲೈನಲ್ಲಿ ಇಸ್ರೇಲಿಗೆ ಹೋದಾಗ ಪ್ಯಾಲೆಸ್ಟೀನಿಗೆ ಹೋಗಲಿಲ್ಲ. 2018ರ ಫೆಬ್ರುವರಿಯಲ್ಲಿ ಪ್ಯಾಲೆಸ್ಟೀನಿನ ಭೇಟಿಯನ್ನು ಪ್ರತ್ಯೇಕವಾಗಿಯೇ ಇಟ್ಟುಕೊಂಡು, ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಿಂದ ಹೆಲಿಕಾಪ್ಟರ್‌ನಲ್ಲಿ ರಮಲ್ಲಾಕ್ಕೆ ಹೋದರು. ಎರಡೂ ಸಂಬಂಧಗಳು ತಮ್ಮ ತಮ್ಮ ಬಲದ ಮೇಲೆ ನಿಂತಿವೆ ಎಂದು ಹೇಳುವ ಕೆಲಸವನ್ನು ಇಲ್ಲಿ ವೇಳಾಪಟ್ಟಿಯೇ ಮಾಡಿತು. ಈ ನೀತಿಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಯೋಜಿಸುವವರು ತಿಳಿಯಬೇಕಾದದ್ದು ಇಷ್ಟು: ಸರದಿ ಏನನ್ನು ಹೇಳಬೇಕೆಂಬುದನ್ನು ನೀವು ಮೊದಲೇ ತೀರ್ಮಾನಿಸದಿದ್ದರೆ ಅದರ ಅರ್ಥವನ್ನು ಬೇರೆಯವರು ತಮಗೆ ತೋಚಿದಂತೆ ಬರೆಯುತ್ತಾರೆ. ಒಂದು ರಾಜಧಾನಿಯಲ್ಲಿ ಎರಡು ರಾತ್ರಿ, ಪಕ್ಕದ ರಾಜಧಾನಿಯಲ್ಲಿ ನಾಲ್ಕು ಗಂಟೆ ಎಂದು ಬರೆಯುವ ಮುನ್ನ ಆ ನಾಲ್ಕು ಗಂಟೆಯ ದೇಶದವರ ಸ್ಥಾನದಲ್ಲಿ ನಿಂತು ಓದಿಕೊಳ್ಳಬೇಕು.

ಪ್ರಶ್ನೆ: ಸಚಿವರಿಗೆ ಸರ್ಕಾರದ ವಿಶೇಷ ವಿಮಾನವಿದ್ದರೆ ಪ್ರಯಾಣದ ಚಿಂತೆಯೇ ಇರುವುದಿಲ್ಲ ಅಲ್ಲವೇ?

ಉತ್ತರ: ಚಿಂತೆ ಹೆಚ್ಚುತ್ತದೆ. ಸಾಮಾನ್ಯ ಪ್ರಯಾಣಿಕ ವಿಮಾನಗಳು ಮೊದಲೇ ಆಗಿರುವ ಒಪ್ಪಂದಗಳಡಿ ಹಾರುತ್ತವೆ. ಸರ್ಕಾರಿ ವಿಮಾನದ ಸ್ಥಿತಿ ಹಾಗಲ್ಲ. 1944ರ ಶಿಕಾಗೊ ಒಡಂಬಡಿಕೆಯ 3ನೆಯ ವಿಧಿಯ ಪ್ರಕಾರ ಒಂದು ದೇಶದ ಸರ್ಕಾರಿ ವಿಮಾನ ಇನ್ನೊಂದು ದೇಶದ ಅನುಮತಿಯಿಲ್ಲದೆ ಅದರ ಮೇಲೆ ಹಾರುವಂತಿಲ್ಲ, ಅಲ್ಲಿ ಇಳಿಯುವಂತೆಯೂ ಇಲ್ಲ. ಅಂದರೆ ದಾರಿಯಲ್ಲಿ ಬರುವ ಪ್ರತಿಯೊಂದು ದೇಶಕ್ಕೂ ರಾಯಭಾರ ಕಚೇರಿಯ ಮೂಲಕ ಮನವಿ ಸಲ್ಲಿಸಿ, ಅನುಮತಿ ಸಂಖ್ಯೆ ಪಡೆದು, ಅದು ಎಷ್ಟು ಹೊತ್ತಿನವರೆಗೆ ಊರ್ಜಿತವೆಂದು ನೋಡಿಕೊಳ್ಳಬೇಕು. 2022ರ ಜೂನ್‌ನಲ್ಲಿ ರಷ್ಯಾದ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೊವ್ ಸರ್ಬಿಯಾಕ್ಕೆ ಹೊರಟಿದ್ದರು. ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ಮಾಂಟೆನೆಗ್ರೊ ಮೂರೂ ದೇಶಗಳು ತಮ್ಮ ವಾಯುಪ್ರದೇಶ ನಿರಾಕರಿಸಿದ್ದರಿಂದ ಪ್ರವಾಸವೇ ರದ್ದಾಯಿತು. 2019ರಲ್ಲಿ ಭಾರತದ ರಾಷ್ಟ್ರಪತಿ ಮತ್ತು ಪ್ರಧಾನಿಯ ವಿಮಾನಗಳಿಗೆ ಪಾಕಿಸ್ತಾನ ಅನುಮತಿ ನಿರಾಕರಿಸಿತ್ತು. 2013ರ ಜುಲೈನಲ್ಲಿ ಮಾಸ್ಕೊದಿಂದ ಹೊರಟ ಬೊಲಿವಿಯಾ ಅಧ್ಯಕ್ಷ ಇವೊ ಮೊರಾಲೆಸ್ ಅವರ ವಿಮಾನ ದಾರಿ ಸಿಗದೆ ವಿಯೆನ್ನಾದಲ್ಲಿ ಇಳಿಯಬೇಕಾಯಿತು.

ಯಂತ್ರ ಕೈಕೊಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2018ರ ನವೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನ ಜಿ20 ಶೃಂಗಸಭೆಗೆ ಹೊರಟ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ವಿಮಾನ ದೋಷದಿಂದಾಗಿ ಹಿಂದಿರುಗಿ ಕಲೋನ್‌ನಲ್ಲಿ ಇಳಿಯಿತು. ಅವರು ಮರುದಿನ ಮ್ಯಾಡ್ರಿಡ್‌ನಿಂದ ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಹೋದರು, ಅಷ್ಟರಲ್ಲಿ ಸಭೆಯ ಆರಂಭ ತಪ್ಪಿಹೋಗಿತ್ತು. 2023ರ ಆಗಸ್ಟ್‌ನಲ್ಲಿ ಅದೇ ದೇಶದ ವಿದೇಶಾಂಗ ಸಚಿವೆ ಅನಲೇನಾ ಬೇರ್‌ಬಾಕ್ ಅವರ ವಿಮಾನ ಇಂಧನಕ್ಕಾಗಿ ಅಬುಧಾಬಿಯಲ್ಲಿ ಇಳಿದು ಮುಂದಕ್ಕೆ ಹೊರಟಾಗ ರೆಕ್ಕೆಯ ಫ್ಲಾಪ್‌ಗಳು ಕೆಲಸ ಮಾಡದೆ ಹಿಂದಿರುಗಿತು. ಎರಡನೆಯ ಪ್ರಯತ್ನವೂ ವಿಫಲವಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ ಪ್ರವಾಸವನ್ನು ಕೈಬಿಡಬೇಕಾಯಿತು. ಆದ್ದರಿಂದ ವಿಶೇಷ ವಿಮಾನವಿದ್ದರೂ ಪ್ರತಿ ಹಂತಕ್ಕೂ ಸಾಮಾನ್ಯ ವಿಮಾನದ ಪರ್ಯಾಯವನ್ನು ಹುಡುಕಿಟ್ಟುಕೊಂಡಿರಬೇಕು, ಅದರಲ್ಲಿ ಸಚಿವರ ಜೊತೆ ಹೋಗಲೇಬೇಕಾದ ಮೂರು ನಾಲ್ಕು ಮಂದಿ ಯಾರೆಂಬುದನ್ನೂ ಮೊದಲೇ ಬರೆದಿಟ್ಟಿರಬೇಕು.

ಈ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇನ್ನೊಂದಿದೆ. 2010ರ ಏಪ್ರಿಲ್ 10ರಂದು ಪೋಲೆಂಡಿನ ಅಧ್ಯಕ್ಷ ಲೇಖ್ ಕಚಿನ್‌ಸ್ಕಿ ಅವರಿದ್ದ ವಿಮಾನ ರಷ್ಯಾದ ಸ್ಮೊಲೆನ್ಸ್ಕ್‌ನಲ್ಲಿ ದಟ್ಟ ಮಂಜಿನ ನಡುವೆ ಇಳಿಯಲು ಹೋಗಿ ಪತನಗೊಂಡು, ಅದರಲ್ಲಿದ್ದ 96 ಮಂದಿಯೂ ಸತ್ತರು. ಸೇನೆಯ ಅತ್ಯುನ್ನತ ಅಧಿಕಾರಿಗಳು ಒಂದೇ ವಿಮಾನದಲ್ಲಿದ್ದರು. 1940ರಲ್ಲಿ ಸೋವಿಯತ್ ಪಡೆಗಳು ಸಾವಿರಾರು ಪೋಲಿಷ್ ಅಧಿಕಾರಿಗಳನ್ನು ಕೊಂದ ಕತಿನ್ ಹತ್ಯಾಕಾಂಡದ ಸ್ಮರಣೆಯ ಕಾರ್ಯಕ್ರಮ ಅವರಿಗಾಗಿ ಕಾದಿತ್ತು. ಯಾರ ತಪ್ಪು ಎಷ್ಟೆಂಬ ವಿವಾದಕ್ಕೆ ನಾನು ಹೋಗುವುದಿಲ್ಲ. ಆದರೆ ವಿಮಾನ ತಡವಾದರೆ ಇಡೀ ದಿನ ಕುಸಿದುಬೀಳುತ್ತದೆ ಎಂಬಂಥ ಬಿಗಿ ವೇಳಾಪಟ್ಟಿಯನ್ನು ಯಾರೂ ಬರೆಯಬಾರದು, ಪೈಲಟ್ ಇಳಿಯಲಾಗದು ಎಂದಾಗ ಅವರನ್ನು ಮತ್ತೆ ಕೇಳುವ ಅಧಿಕಾರ ನಿಯೋಗದಲ್ಲಿ ಯಾರಿಗೂ ಇರಬಾರದು, ಸರ್ಕಾರ ನಡೆಯಲು ಅತ್ಯಗತ್ಯವಾದವರನ್ನು ಒಂದೇ ವಿಮಾನದಲ್ಲಿ ಕೂರಿಸಬಾರದು. ಈ ಮೂರರಲ್ಲಿ ಯಾವುದಕ್ಕೂ ವಿನಾಯಿತಿ ಇರಕೂಡದೆಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ದ್ವಿಪಕ್ಷೀಯ ಮಾತುಕತೆಗೆ ಅರ್ಧ ಗಂಟೆ ಮಾತ್ರ ಇಡುತ್ತಾರೆ. ಅಷ್ಟರಲ್ಲಿ ಏನು ಮಾತಾಡಲು ಸಾಧ್ಯ? ಸಚಿವರ ಕೈಯಲ್ಲಿ ಯಾವ ಕಾಗದಗಳಿರುತ್ತವೆ?

ಉತ್ತರ: ನಿಮ್ಮ ಸಂದೇಹ ಸರಿಯಾಗಿದೆ. 30 ನಿಮಿಷದಲ್ಲಿ ಕುಶಲ ಪ್ರಶ್ನೆ ಮತ್ತು ಛಾಯಾಗ್ರಾಹಕರಿಗೆ ಐದು ನಿಮಿಷ ಹೋಗುತ್ತದೆ. ಉಳಿದ 25ರಲ್ಲಿ, ಒಬ್ಬರು ಆಡಿದ ಮೇಲೆ ದುಭಾಷಿ ಅದನ್ನು ಹೇಳುವ ಕ್ರಮವಾದರೆ, ಅರ್ಧ ಭಾಗ ಅನುವಾದಕ್ಕೇ ಹೋಗುತ್ತದೆ. ಮಿಕ್ಕ ಹನ್ನೆರಡೂವರೆ ನಿಮಿಷವನ್ನು ಇಬ್ಬರು ಹಂಚಿಕೊಂಡರೆ ನಿಮ್ಮ ಸಚಿವರ ಪಾಲಿಗೆ ಬರುವುದು ಆರು ನಿಮಿಷ. ಆರು ನಿಮಿಷದಲ್ಲಿ ಒಂದು ವಿಷಯವನ್ನು ಚೆನ್ನಾಗಿ ಹೇಳಬಹುದು, ಎರಡನ್ನು ಮುಟ್ಟಬಹುದು. ಹತ್ತು ವಿಷಯಗಳಿರುವ ಟಿಪ್ಪಣಿಯನ್ನು ಈ ಸಭೆಗೆ ಕಳುಹಿಸುವ ಸಚಿವಾಲಯಗಳು ಇಂದಿಗೂ ಇವೆ, ಅವುಗಳಲ್ಲಿ ಒಂಬತ್ತು ವಿಷಯಗಳ ಜಾಗ ಅಧಿಕಾರಿಗಳ ಮಟ್ಟದ ಸಭೆ. ದುಭಾಷಿಗೆ ಹಿಂದಿನ ದಿನವೇ ಪಾರಿಭಾಷಿಕ ಪದಗಳನ್ನೂ ಹೆಸರುಗಳನ್ನೂ ಕೊಟ್ಟಿರಬೇಕು. ಎದುರು ಪಕ್ಷದ ದುಭಾಷಿಯನ್ನೇ ಅವಲಂಬಿಸದೆ ನಿಮ್ಮವರೊಬ್ಬರನ್ನು ಕರೆದೊಯ್ಯಬೇಕು.

ಕಾಗದದ ವಿಷಯಕ್ಕೆ ಬಂದರೆ, ಪ್ರತಿ ಸಭೆಗೂ ಪ್ರತ್ಯೇಕ ತೆಳು ಕಡತವಿರಬೇಕು. ಮೇಲೆ ಒಂದು ಪುಟದಲ್ಲಿ ಭೇಟಿಯಾಗುವವರ ಹೆಸರು, ಅದರ ಉಚ್ಚಾರಣೆ, ಕೇಳಬೇಕಾದದ್ದು, ಅವರು ಕೇಳಬಹುದಾದದ್ದು. 2011ರ ಫೆಬ್ರುವರಿಯಲ್ಲಿ ಭಾರತದ ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ತಮ್ಮ ಭಾಷಣದ ಬದಲು ಪೋರ್ಚುಗಲ್ ಸಚಿವರ ಭಾಷಣದ ಪ್ರತಿಯನ್ನು ಕೆಲವು ನಿಮಿಷ ಓದಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಕ್ಕದಲ್ಲಿದ್ದ ಭಾರತದ ಪ್ರತಿನಿಧಿ ಹರ್‌ದೀಪ್ ಸಿಂಗ್ ಪುರಿ ಎಚ್ಚರಿಸಿದ ಮೇಲೆ ಸರಿಯಾದ ಪ್ರತಿ ಕೈಗೆ ಬಂತು. ಆಗ ಅವರನ್ನು ಗೇಲಿ ಮಾಡಿದವರೇ ಹೆಚ್ಚು, ಅದು ನ್ಯಾಯವಲ್ಲವೆಂದು ನನಗೆ ಆಗಲೂ ಅನ್ನಿಸಿತ್ತು. ಬಹುಪಕ್ಷೀಯ ಸಭೆಗಳಲ್ಲಿ ಎಲ್ಲ ದೇಶಗಳ ಭಾಷಣದ ಪ್ರತಿಗಳನ್ನು ಮೇಜಿನ ಮೇಲೆ ಹಂಚುವುದು ವಾಡಿಕೆ. ಒಂದರ ಹಿಂದೊಂದು ಸಭೆಗಳಿರುವ ದಿನ ಸಚಿವರ ಮುಂದಿನ ಮೇಜನ್ನು ಖಾಲಿ ಮಾಡಿ, ಓದಬೇಕಾದ ಒಂದೇ ಕಾಗದವನ್ನು ಅಲ್ಲಿ ಇಡುವ ಹೊಣೆ ಹೆಸರು ಹಿಡಿದು ಒಬ್ಬ ಅಧಿಕಾರಿಗೆ ವಹಿಸಿರಬೇಕು. ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ದೇಶದ ಹೆಸರು ಇರಲಿ.

ಪ್ರಶ್ನೆ: ಯಾರು ಎಲ್ಲಿ ಕೂರುತ್ತಾರೆ ಎಂಬುದಕ್ಕೆ ಇಷ್ಟೊಂದು ಮಹತ್ವ ಏಕೆ? ದೊಡ್ಡವರು ಇದನ್ನು ಬಿಟ್ಟುಬಿಡಬಾರದೇ?

ಉತ್ತರ: ಆಸನದಲ್ಲಿ ಕೂರುವವರು ವ್ಯಕ್ತಿಯಾಗಿ ಕೂರುವುದಿಲ್ಲ, ಒಂದು ದೇಶವಾಗಿ ಅಥವಾ ಸಂಸ್ಥೆಯಾಗಿ ಕೂರುತ್ತಾರೆ. ಈ ಜಗಳಗಳಿಗೆ ಕೊನೆ ಹಾಡಲೆಂದೇ 1815ರ ವಿಯೆನ್ನಾ ಸಮ್ಮೇಳನ ರಾಯಭಾರಿಗಳ ಹಿರಿತನವನ್ನು ಅವರು ಬಂದ ದಿನಾಂಕಕ್ಕೆ ಕಟ್ಟಿಹಾಕಿತು, 1961ರ ವಿಯೆನ್ನಾ ಒಡಂಬಡಿಕೆಯೂ ಅದೇ ತತ್ವವನ್ನು ಉಳಿಸಿಕೊಂಡಿತು. ದೊಡ್ಡ ದೇಶ, ಸಣ್ಣ ದೇಶ ಎಂಬ ಭೇದವಿಲ್ಲದ ಈ ನಿಯಮ ಬಹಳ ಒಳ್ಳೆಯದೆಂದು ನನ್ನ ಭಾವನೆ. ಆದರೆ ಭೇಟಿಗೆ ಬರುವ ಸಚಿವರ ಆಸನವನ್ನು ಎರಡೂ ಕಡೆಯವರು ಕೂತು ತೀರ್ಮಾನಿಸಿಕೊಳ್ಳಬೇಕು. 2021ರ ಏಪ್ರಿಲ್ 6ರಂದು ಅಂಕಾರದಲ್ಲಿ ಟರ್ಕಿಯ ಅಧ್ಯಕ್ಷರನ್ನು ಕಾಣಲು ಐರೋಪ್ಯ ಒಕ್ಕೂಟದಿಂದ ಇಬ್ಬರು ಬಂದಿದ್ದರು. ಕೋಣೆಯಲ್ಲಿ ಧ್ವಜಗಳ ಮುಂದೆ ಎರಡೇ ಕುರ್ಚಿ. ಒಂದರಲ್ಲಿ ಅಧ್ಯಕ್ಷ ಎರ್ದೊಗಾನ್, ಇನ್ನೊಂದರಲ್ಲಿ ಐರೋಪ್ಯ ಮಂಡಳಿಯ ಅಧ್ಯಕ್ಷ ಶಾರ್ಲ್ ಮಿಶೆಲ್ ಕುಳಿತರು. ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಅರೆಕ್ಷಣ ನಿಂತು, ಬಳಿಕ ಪಕ್ಕದ ಸೋಫಾದಲ್ಲಿ ಕುಳಿತರು. ಮಾತುಕತೆಯ ವಿಷಯ ಮರೆತುಹೋಯಿತು, ಸೋಫಾ ಉಳಿಯಿತು. ಮಂಡಳಿಯ ಶಿಷ್ಟಾಚಾರ ಅಧಿಕಾರಿಗಳಿಗೆ ಪೂರ್ವಸಿದ್ಧತಾ ಭೇಟಿಯಲ್ಲಿ ಆ ಕೋಣೆಯೊಳಗೆ ಹೋಗಲು ಅವಕಾಶ ಸಿಕ್ಕಿರಲಿಲ್ಲವೆಂದು ಅನಂತರ ಹೇಳಲಾಯಿತು.

ಮುಂಗಡವಾಗಿ ಹೋಗುವ ತಂಡ ಪ್ರತಿಯೊಂದು ಕೋಣೆಯನ್ನೂ ಕಣ್ಣಾರೆ ನೋಡಿ, ಕುರ್ಚಿ ಎಣಿಸಿ, ಧ್ವಜ ನೆಟ್ಟಗಿದೆಯೇ ತಲೆಕೆಳಗಾಗಿದೆಯೇ ಪರೀಕ್ಷಿಸಿ, ಬಾಗಿಲಿನಿಂದ ಆಸನದವರೆಗೆ ತಾನೇ ನಡೆದು ನೋಡಬೇಕು. ಕೋಣೆ ತೋರಿಸಲಾಗದೆಂದು ಅತಿಥೇಯರು ಹೇಳಿದರೆ ಆಸನ ವ್ಯವಸ್ಥೆಯ ನಕ್ಷೆಯನ್ನಾದರೂ ಲಿಖಿತವಾಗಿ ಕೇಳಿ ಪಡೆಯಬೇಕು.

ಪ್ರಶ್ನೆ: ಪ್ರಕಟಿಸಿದ ವೇಳಾಪಟ್ಟಿ ಯಾವಾಗಲೂ ನಿಜವಾಗಿರುತ್ತದೆಯೇ?

ಉತ್ತರ: ಬಹುತೇಕ ನಿಜವಾಗಿರುತ್ತದೆ, ಪೂರ್ಣವಾಗಿರುವುದಿಲ್ಲ. ಅಪವಾದಗಳಲ್ಲಿ ಪ್ರಸಿದ್ಧವಾದದ್ದು 1971ರ ಜುಲೈ ತಿಂಗಳದ್ದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನದಲ್ಲಿ ಹೊಟ್ಟೆನೋವಿನಿಂದ ವಿಶ್ರಾಂತಿ ಪಡೆಯುತ್ತಿದ್ದಾರೆಂದು ಪ್ರಕಟಿಸಲಾಗಿತ್ತು. ಅವರು ಬೀಜಿಂಗ್‌ನಲ್ಲಿ ಚೀನಾದ ಪ್ರಧಾನಿ ಝೌ ಎನ್ಲೈ ಅವರೊಡನೆ ಮಾತುಕತೆಯಲ್ಲಿದ್ದರು. ಇಂಥದ್ದು ಇತಿಹಾಸದಲ್ಲಿ ಅಪರೂಪ, ಅಪರೂಪವಾಗಿಯೇ ಇರಬೇಕು. ದಿನನಿತ್ಯದ ಪ್ರವಾಸಗಳಲ್ಲಿ ಗುಟ್ಟಾಗಿಡುವುದು ಭದ್ರತೆಗೆ ಸಂಬಂಧಿಸಿದ ವಿವರಗಳನ್ನು ಮಾತ್ರ: ವಾಹನಗಳ ಮಾರ್ಗ, ತಂಗುವ ಕೊಠಡಿ, ಹೊರಡುವ ನಿಖರ ಹೊತ್ತು. ಅದಕ್ಕಾಗಿಯೇ ಒಂದೇ ಕಾರ್ಯಕ್ರಮದ ಮೂರು ಪ್ರತಿಗಳನ್ನು ಬೇರೆ ಬೇರೆಯಾಗಿ ತಯಾರಿಸುತ್ತಾರೆ: ಸಚಿವರದ್ದು, ನಿಯೋಗದ್ದು, ಪತ್ರಿಕೆಗಳದ್ದು.

ಪ್ರಶ್ನೆ: ಪ್ರವಾಸವನ್ನು ಕೊನೆಯ ಗಳಿಗೆಯಲ್ಲಿ ರದ್ದುಗೊಳಿಸಿದರೆ ಅವಮಾನವಾಗುವುದಿಲ್ಲವೇ?

ಉತ್ತರ: ಹೇಳುವ ರೀತಿ ಸರಿಯಿದ್ದರೆ ಆಗುವುದಿಲ್ಲ. 2013ರ ಅಕ್ಟೋಬರ್‌ನಲ್ಲಿ ಸರ್ಕಾರದ ಹಣಕಾಸು ಬಿಕ್ಕಟ್ಟಿನಿಂದಾಗಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಏಷ್ಯಾ ಪ್ರವಾಸ ಕೈಬಿಟ್ಟಾಗ ಅವರ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್ರಿ ಸಭೆಗಳಿಗೆ ಹೋದರು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಆಕಾಶದಲ್ಲಿ ಚೀನಾದ ಬಲೂನ್ ಕಾಣಿಸಿದ ಮೇಲೆ ವಿದೇಶಾಂಗ ಕಾರ್ಯದರ್ಶಿ ಆಂಟನಿ ಬ್ಲಿಂಕನ್ ಬೀಜಿಂಗ್ ಭೇಟಿಯನ್ನು ರದ್ದು ಎನ್ನದೆ ಮುಂದೂಡಿಕೆ ಎಂದರು, ಜೂನ್‌ನಲ್ಲಿ ಹೋಗಿಯೂ ಬಂದರು. ಅತಿಥೇಯರಿಗೆ ಸುದ್ದಿ ಪತ್ರಿಕೆಯಿಂದ ತಿಳಿಯಬಾರದು. ಸಚಿವರೇ ತಮ್ಮ ಸಹವರ್ತಿಗೆ ದೂರವಾಣಿ ಮಾಡಿ ತಿಳಿಸಿ, ಅದೇ ಕರೆಯಲ್ಲಿ ಪರ್ಯಾಯ ದಿನಗಳನ್ನು ಮುಂದಿಡಬೇಕು.

ಪ್ರಶ್ನೆ: ವಿದೇಶದಲ್ಲಿರುವ ಸಚಿವರನ್ನು ಅಲ್ಲಿನ ನ್ಯಾಯಾಲಯ ಬಂಧಿಸುವಂತೆ ಆದೇಶಿಸಬಹುದೇ?

ಉತ್ತರ: ವಿದೇಶಾಂಗ ಸಚಿವರ ಬಗ್ಗೆ ಅಂತಾರಾಷ್ಟ್ರೀಯ ನ್ಯಾಯಾಲಯ 2002ರ ಫೆಬ್ರುವರಿ 14ರಂದು ಕಾಂಗೊ ಮತ್ತು ಬೆಲ್ಜಿಯಂ ನಡುವಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಅಧಿಕಾರದಲ್ಲಿರುವಷ್ಟು ಕಾಲ ಅವರಿಗೆ ಇತರ ದೇಶಗಳ ಕ್ರಿಮಿನಲ್ ನ್ಯಾಯಾಲಯಗಳಿಂದ ಪೂರ್ಣ ರಕ್ಷಣೆ ಇರುತ್ತದೆ. ರಾಷ್ಟ್ರದ ಮುಖ್ಯಸ್ಥರಿಗೂ ಸರ್ಕಾರದ ಮುಖ್ಯಸ್ಥರಿಗೂ ಇದೇ ಅನ್ವಯ. ವಾಣಿಜ್ಯ, ರಕ್ಷಣೆ ಮುಂತಾದ ಖಾತೆಗಳ ಸಚಿವರ ವಿಷಯದಲ್ಲಿ ಕಾನೂನು ಅಷ್ಟು ನಿಚ್ಚಳವಾಗಿಲ್ಲದ ಕಾರಣ, ಅಂಥವರ ಭೇಟಿ ಅಧಿಕೃತವೆಂದು ಅತಿಥೇಯ ಸರ್ಕಾರ ಒಪ್ಪಿರುವ ಪತ್ರವನ್ನು ಮೊದಲೇ ಪಡೆದು, ಅದರ ಪ್ರತಿಯನ್ನು ಜೊತೆಯಲ್ಲಿ ಇಟ್ಟುಕೊಂಡು ಹೋಗುವುದು ಕ್ಷೇಮ. ಮಧ್ಯದಲ್ಲಿ ವಿಮಾನ ಬದಲಿಸುವ ದೇಶಕ್ಕೂ ಈ ಎಚ್ಚರಿಕೆ ಅಗತ್ಯ.

ಪ್ರಶ್ನೆ: ಸಚಿವರು ಹಿಂದಿರುಗಿದ ದಿನಕ್ಕೆ ಈ ಕೆಲಸ ಮುಗಿಯುತ್ತದೆಯೇ?

ಉತ್ತರ: ಇನ್ನೂ ಒಂದು ವಾರದ ಕೆಲಸ ಉಳಿದಿರುತ್ತದೆ. ಮಾತುಕತೆಯ ಟಿಪ್ಪಣಿಗಳನ್ನು ಬರೆದುಕೊಂಡವರು ನೆನಪು ಹಸಿಯಾಗಿರುವಾಗಲೇ, ಸಾಧ್ಯವಾದರೆ ಹಿಂದಿರುಗುವ ವಿಮಾನದಲ್ಲೇ, ಪೂರ್ಣ ದಾಖಲೆಯಾಗಿ ಬರೆಯಬೇಕು. ಸಚಿವರು ಎಲ್ಲೆಲ್ಲಿ ‘ನೋಡೋಣ’, ‘ಕಳುಹಿಸಿಕೊಡುತ್ತೇನೆ’, ‘ನಮ್ಮ ಅಧಿಕಾರಿಗಳು ಬರುತ್ತಾರೆ’ ಎಂದು ಹೇಳಿದ್ದಾರೋ ಅವನ್ನೆಲ್ಲ ಒಂದು ಪಟ್ಟಿಗೆ ಇಳಿಸಿ, ಪ್ರತಿಯೊಂದರ ಮುಂದೆ ಹೊಣೆ ಹೊತ್ತ ಅಧಿಕಾರಿಯ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ಕೃತಜ್ಞತಾ ಪತ್ರಗಳು ಅತಿಥೇಯ ಸಚಿವರಿಗೆ ಹೋದಂತೆಯೇ ಅಲ್ಲಿನ ಶಿಷ್ಟಾಚಾರ ವಿಭಾಗಕ್ಕೂ ಭದ್ರತಾ ಸಿಬ್ಬಂದಿಗೂ ಹೋಗಬೇಕು. ಯೋಜಿಸಿದ ವೇಳೆ ಮತ್ತು ನಿಜವಾಗಿ ಹಿಡಿದ ವೇಳೆ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದ ಪ್ರತಿಯೊಂದನ್ನು ಕಡತದಲ್ಲಿ ಉಳಿಸಿದರೆ, ಅದೇ ರಾಜಧಾನಿಗೆ ಮುಂದೆ ಪ್ರವಾಸ ಯೋಜಿಸುವವರು ವಿಮಾನ ನಿಲ್ದಾಣದಿಂದ ಸಚಿವಾಲಯಕ್ಕೆ ಎಷ್ಟು ನಿಮಿಷವೆಂದು ಊಹಿಸಬೇಕಾಗುವುದಿಲ್ಲ.